ಬಯಲು ವೇದಿಕೆಯಲ್ಲಿ ಬೇಸ್ ಗಿಟಾರ್: ಆಂಪ್ಲಿಫೈಯರ್ ಮತ್ತು ಬಾಕ್ಸ್ ಆಯ್ಕೆ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯ ಜಾತ್ರೆ, ರಸಮಂಜರಿ, ಮದುವೆ, ಕಾಲೇಜು ಸಮ್ಮೇಳನಗಳಲ್ಲಿ ಬೇಸ್ ಗಿಟಾರ್ ನುಡಿಸುವವರಿಗೆ ಎಂಥ ಆಂಪ್ಲಿಫೈಯರ್, ಎಂಥ ಸ್ಪೀಕರ್ ಬಾಕ್ಸ್ ಹೊಂದುತ್ತದೆ ಎಂಬುದನ್ನು ಅಂಕಿಗಳ ಮೂಲಕ ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ. ಈ ನಾಲ್ಕು ಹೆಸರುಗಳನ್ನು ವಿಜಯಪುರ ಜಿಲ್ಲೆಯಲ್ಲಿ ಐದೇ ತಾಲ್ಲೂಕುಗಳಿದ್ದ ಕಾಲದ ಅರ್ಥದಲ್ಲಿ ಬಳಸಲಾಗಿದೆ. 2017–18ರ ಪುನರ್ವಿಂಗಡಣೆಯ ನಂತರ ಚಡಚಣ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ, ದೇವರ ಹಿಪ್ಪರಗಿ ಮೊದಲಾದವು ಬೇರೆ ತಾಲ್ಲೂಕುಗಳಾಗಿವೆ. ಜಾತ್ರೆಗಳ ಹಳೆಯ ಪಟ್ಟಿಗಳನ್ನು ಇಂದಿನ ನಕಾಶೆಯೊಂದಿಗೆ ಹೋಲಿಸುವವರು ಇದನ್ನು ಗಮನದಲ್ಲಿಡಬೇಕು.

ನಾಲ್ಕು ತಂತಿಯ ಬೇಸ್ ಗಿಟಾರ್‌ನ ಬಿಟ್ಟ ತಂತಿಗಳ ಮೂಲ ಆವರ್ತನಗಳು, ಎ = 440 ಹರ್ಟ್ಜ್ ಶ್ರುತಿಯಲ್ಲಿ: ಇ 41.20, ಎ 55.00, ಡಿ 73.42, ಜಿ 98.00 ಹರ್ಟ್ಜ್. ಐದು ತಂತಿಯ ವಾದ್ಯದಲ್ಲಿ ಕೆಳಗಿನ ಬಿ 30.87 ಹರ್ಟ್ಜ್. ಕೆಳಗಿನ ಇ ಸ್ವರದ ತರಂಗಾಂತರ 20 ಡಿಗ್ರಿ ಉಷ್ಣತೆಯಲ್ಲಿ 8.33 ಮೀಟರ್, 35 ಡಿಗ್ರಿಯಲ್ಲಿ ಸುಮಾರು 8.54 ಮೀಟರ್. ಮುಂದಿನ ಲೆಕ್ಕಗಳೆಲ್ಲ ಈ ಅಂಕಿಗಳನ್ನು ಆಧರಿಸಿವೆ. ಅವು ಗಣಿತದಿಂದ ಬಂದ ಅಂದಾಜುಗಳು, ಸ್ಥಳದಲ್ಲಿ ಅಳೆದು ಪಡೆದವಲ್ಲ. ಬಯಲಿನಲ್ಲಿ ಒಂದೆರಡು ಡೆಸಿಬೆಲ್‌ಗಳ ಹೆಚ್ಚುಕಡಿಮೆ ಸಹಜ.

2. ಕಾಲಾನುಕ್ರಮ, ಮತ್ತು ಅದರಲ್ಲಿನ ತೊಡಕುಗಳು

ವಿದ್ಯುತ್ ಬೇಸ್ ಗಿಟಾರ್‌ನ ಆರಂಭವನ್ನು ಸಾಮಾನ್ಯವಾಗಿ ಲಿಯೋ ಫೆಂಡರ್‌ನ ಪ್ರಿಸಿಷನ್ ಬೇಸ್‌ಗೆ, ಅಂದರೆ 1951ಕ್ಕೆ ನಿಗದಿ ಮಾಡಲಾಗುತ್ತದೆ. ಆದರೆ ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ 1930ರ ದಶಕದ ಮಧ್ಯದಲ್ಲೇ ಆಡಿಯೋವಾಕ್ಸ್ 736 ಎಂಬ ಮೆಟ್ಟಿಲುಳ್ಳ ವಿದ್ಯುತ್ ಬೇಸ್ ಮಾರಿದ್ದ. ಆದ್ದರಿಂದ ‘ಮೊದಲನೆಯದು’ ಎಂಬ ಮಾತನ್ನು ‘ವ್ಯಾಪಕ ಬಳಕೆಗೆ ಬಂದ ಮೊದಲನೆಯದು’ ಎಂದು ತಿದ್ದಿಕೊಳ್ಳುವುದು ಕ್ಷೇಮ.

ಪ್ರಿಸಿಷನ್ ಬೇಸ್‌ಗೆ ಜೊತೆಯಾಗಿ ಫೆಂಡರ್ ಕಂಪನಿ 1952ರಲ್ಲಿ ಬೇಸ್‌ಮನ್ ಆಂಪ್ಲಿಫೈಯರ್ ತಂದಿತು: 26 ವ್ಯಾಟ್, 15 ಇಂಚಿನ ಒಂದು ಸ್ಪೀಕರ್. 10 ಇಂಚಿನ ನಾಲ್ಕು ಸ್ಪೀಕರ್‌ಗಳ ರೂಪಕ್ಕೆ ಅದು ತಿರುಗಿದ ವರ್ಷವನ್ನು ಕೆಲವರು 1954 ಎಂದೂ ಕೆಲವರು 1955 ಎಂದೂ ಬರೆಯುತ್ತಾರೆ; 1954ರ ಕೊನೆ ಎಂದರೆ ಎರಡೂ ಹೊಂದುತ್ತವೆ. ಹಿಂಬದಿ ತೆರೆದಿದ್ದ ಆ ಪೆಟ್ಟಿಗೆ ಕೆಳಸ್ವರಕ್ಕೆ ಅಷ್ಟಾಗಿ ಒಗ್ಗಲಿಲ್ಲ. ಅದನ್ನು ಮೆಚ್ಚಿಕೊಂಡವರು ಗಿಟಾರ್ ವಾದಕರು. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ತನ್ನ ಜೆಟಿಎಂ45ಕ್ಕೆ ಮಾದರಿಯಾಗಿ ಹಿಡಿದದ್ದು ಇದೇ ಬೇಸ್‌ಮನ್‌ನ 5ಎಫ್6-ಎ ಸರ್ಕ್ಯೂಟನ್ನು. ಹೆಸರಿನಲ್ಲಿ ‘ಬೇಸ್’ ಇದ್ದ ಮಾತ್ರಕ್ಕೆ ಉಪಕರಣ ಬೇಸ್‌ಗೆ ತಕ್ಕದ್ದೆಂದು ಭಾವಿಸಲಾಗದು ಎಂಬುದಕ್ಕೆ ಇದು ದಾಖಲಾದ ಹಳೆಯ ಉದಾಹರಣೆ.

ಆಂಪೆಗ್ ಕಂಪನಿಯ ಬಿ-15 ಪೋರ್ಟಾಫ್ಲೆಕ್ಸ್ 1960ರದು. ಜೆಸ್ ಆಲಿವರ್ ವಿನ್ಯಾಸ, 25 ವ್ಯಾಟ್, 15 ಇಂಚಿನ ಒಂದು ಸ್ಪೀಕರ್. ಬಯಲು ವೇದಿಕೆಯ ದೃಷ್ಟಿಯಿಂದ ಹೆಚ್ಚು ಮುಖ್ಯವಾದದ್ದು ಅದೇ ಕಂಪನಿಯ 1969ರ ಎಸ್‌ವಿಟಿ: 300 ವ್ಯಾಟ್, 14 ವಾಲ್ವ್‌ಗಳು, 10 ಇಂಚಿನ ಎಂಟು ಸ್ಪೀಕರ್‌ಗಳ ಮುಚ್ಚಿದ ಬಾಕ್ಸ್. ಎರಡೆರಡು ಸ್ಪೀಕರ್‌ಗೆ ಒಂದರಂತೆ ಬಾಕ್ಸ್‌ನ ಒಳಗೆ ನಾಲ್ಕು ಪ್ರತ್ಯೇಕ ಕೋಣೆಗಳಿದ್ದವು.

ಈ ಸೀಮೆಗೆ ಬೇಸ್ ಗಿಟಾರ್ ಬಂದದ್ದು ಬಹುಮಟ್ಟಿಗೆ ಸಿನಿಮಾ ಹಾಡುಗಳ ಬೆನ್ನು ಹಿಡಿದು ಎಂದು ಊಹಿಸಬಹುದು. ರಸಮಂಜರಿ ತಂಡಗಳ ಮೂಲ ಬಂಡವಾಳ ಸಿನಿಮಾ ಹಾಡುಗಳೇ. ಇಳಯರಾಜ ಸಂಗೀತ ನೀಡಿದ 1981ರ ‘ಗೀತಾ’ದಂಥ ಚಿತ್ರಗಳಲ್ಲಿ ಬೇಸ್ ಸಾಲು ಹಾಡಿನ ಮೈಕಟ್ಟಿನಲ್ಲೇ ಸೇರಿದೆ, ಅದನ್ನು ಬಿಟ್ಟು ನುಡಿಸಿದರೆ ಕೊರತೆ ಕೇಳುಗರಿಗೂ ಗೊತ್ತಾಗುತ್ತದೆ. ಚಿಕ್ಕ ತಂಡಗಳಲ್ಲಿ ಈ ಸಾಲನ್ನು ಕೀಬೋರ್ಡ್ ವಾದಕರ ಎಡಗೈ ನಿಭಾಯಿಸುವುದೂ ಉಂಟು. ಕೀಬೋರ್ಡ್‌ನ ಸ್ವರ 41 ಹರ್ಟ್ಜ್‌ಗಿಂತಲೂ ಕೆಳಗೆ ಇಳಿಯಬಲ್ಲದು, ಆದ್ದರಿಂದ ಮುಂದೆ ಹೇಳುವ ಮಿತಿಗಳು ಅದಕ್ಕೆ ಇನ್ನೂ ಬಿಗಿಯಾಗಿ ಅನ್ವಯಿಸುತ್ತವೆ.

ಅದಕ್ಕೂ ಮುಂಚಿನ ಬಯಲು ಹಾಡಿಕೆಯ ಸ್ವರೂಪ ಬೇರೆ. ಹಳೆಯ ಇಂಡಿ ತಾಲ್ಲೂಕಿನ, ಇಂದಿನ ಚಡಚಣ ತಾಲ್ಲೂಕಿನ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದ ಕಾಲದಲ್ಲಿ ಲಾವಣಿ, ಗೀಗೀ ಮೇಳಗಳು ದಪ್ಪು, ತುಂತುನಿ, ತಾಳಗಳೊಂದಿಗೆ, ಏರುದನಿಯಲ್ಲಿ, ಮೈಕ್ ಇಲ್ಲದೆ ಹಾಡುತ್ತಿದ್ದವು. ದೂರಕ್ಕೆ ಮುಟ್ಟುವ ಹೊಣೆ ಮಧ್ಯಮ ಮತ್ತು ಮೇಲಿನ ಆವರ್ತನಗಳ ಮೇಲಿತ್ತು. ಆಮೇಲೆ ಬಂದ ಹಾರ್ನ್ ಸ್ಪೀಕರ್ ಕೂಡ ಅದೇ ವಲಯದ ಸಾಧನ. ಸಾಮಾನ್ಯ ಹಾರ್ನ್‌ನ ಧ್ವನಿ 200–300 ಹರ್ಟ್ಜ್‌ಗಿಂತ ಕೆಳಗೆ ಬೇಗ ಕುಸಿಯುತ್ತದೆ. ಕೆಳಗಿನ ಇ ಸ್ವರದ ಆರನೇ ಹಾರ್ಮೋನಿಕ್ 247 ಹರ್ಟ್ಜ್, ಅಂದರೆ ಹಾರ್ನ್ ಮೂಲಕ ಆ ಸ್ವರದ ಮೊದಲ ನಾಲ್ಕೈದು ಹಾರ್ಮೋನಿಕ್‌ಗಳು ಹೊರಗೆ ಬರುವುದು ಕಷ್ಟ.

3. ‘ವ್ಯಾಟ್’ ಎಂಬ ಅಂಕಿಯ ವಿಶ್ವಾಸಾರ್ಹತೆ

ಖರೀದಿಯ ಹೊತ್ತಿನಲ್ಲಿ ಮೊದಲು ಕೇಳುವುದು ವ್ಯಾಟ್. ಪರಸ್ಪರ ಹೋಲಿಸಲು ಅತಿ ಕಡಿಮೆ ನೆರವಾಗುವ ಅಂಕಿಯೂ ಅದೇ. ಇದಕ್ಕೆ ಮೂರು ಕಾರಣಗಳನ್ನು ಕೊಡಬಹುದು.

ಮೊದಲನೆಯದು, ಅಳತೆಯ ಪದ್ಧತಿ ಒಂದೇ ಅಲ್ಲ. ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ 1984ರ ಎಇಎಸ್2 ಪದ್ಧತಿಯಲ್ಲಿ ಸ್ಪೀಕರನ್ನು ಎರಡು ಗಂಟೆ ಪಿಂಕ್ ನಾಯ್ಸ್‌ನಿಂದ ಪರೀಕ್ಷಿಸುತ್ತಾರೆ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ 60268-5ರಲ್ಲಿ ಪರೀಕ್ಷೆ 100 ಗಂಟೆಯದು. ತಯಾರಕರು ಇದರ ಮೇಲೆ ‘ಪ್ರೋಗ್ರಾಂ’ ಎಂದು ಎರಡು ಪಟ್ಟನ್ನೂ ‘ಪೀಕ್’ ಎಂದು ನಾಲ್ಕು ಪಟ್ಟನ್ನೂ ಮುದ್ರಿಸುವ ರೂಢಿ ಇದೆ. ಹೀಗಾಗಿ ಒಂದೇ ಸ್ಪೀಕರ್ 200, 400, 800 ವ್ಯಾಟ್‌ಗಳ ಮೂರು ಚೀಟಿಗಳನ್ನು ಹೊರಬಲ್ಲದು, ಮೂರೂ ಸುಳ್ಳಲ್ಲ. ‘ಪಿಎಂಪಿಒ’ ಎಂದು ಪೆಟ್ಟಿಗೆಯ ಮೇಲೆ ಕಾಣುವ ಅಂಕಿಗೆ ಸರ್ವಮಾನ್ಯ ವ್ಯಾಖ್ಯೆಯೇ ಇಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಎರಡನೆಯದು, ವ್ಯಾಟ್ ದ್ವಿಗುಣವಾದರೆ ಶಬ್ದಮಟ್ಟ ಏರುವುದು 3 ಡೆಸಿಬೆಲ್ ಮಾತ್ರ. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆಯುವ ಸೆನ್ಸಿಟಿವಿಟಿ 97 ಡೆಸಿಬೆಲ್ ಇರುವ ಬಾಕ್ಸ್‌ಗೆ 500 ವ್ಯಾಟ್ ಕೊಟ್ಟರೆ 124 ಡೆಸಿಬೆಲ್. ಸೆನ್ಸಿಟಿವಿಟಿ 100 ಇರುವ ಬಾಕ್ಸ್‌ಗೆ 250 ವ್ಯಾಟ್ ಕೊಟ್ಟರೂ 124 ಡೆಸಿಬೆಲ್. ಬಾಕ್ಸ್‌ನ ಚೀಟಿಯಲ್ಲಿ 3 ಡೆಸಿಬೆಲ್ ಹೆಚ್ಚಿದ್ದರೆ ಅರ್ಧ ಆಂಪ್ಲಿಫೈಯರ್ ಉಳಿಯುತ್ತದೆ ಎಂದಾಯಿತು. ಈ ಅಂಕಿಯನ್ನು ಕೇಳುವವರು ಕಡಿಮೆ.

ಮೂರನೆಯದು ಶಾಖ. ಅರ್ಧ ಆಕಾಶಕ್ಕೆ ಹರಡುವ 97 ಡೆಸಿಬೆಲ್‌ನ ಬಾಕ್ಸ್‌ನ ದಕ್ಷತೆ ಸುಮಾರು ಶೇ. 3.2, ಉಳಿದ ಶೇ. 96ಕ್ಕೂ ಹೆಚ್ಚು ವಾಯ್ಸ್ ಕಾಯಿಲ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ತಾಮ್ರದ ತಡೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.39 ಏರುವುದರಿಂದ, ಕಾಯಿಲ್ 130 ಡಿಗ್ರಿ ಹೆಚ್ಚು ಕಾದರೆ ತಡೆ ಒಂದೂವರೆ ಪಟ್ಟಾಗಿ ಧ್ವನಿ ಸುಮಾರು 1.8 ಡೆಸಿಬೆಲ್ ಕುಗ್ಗುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಈ ಭಾಗದಲ್ಲಿ, ಮಧ್ಯಾಹ್ನವೇ ವೇದಿಕೆಯ ಮೇಲೆ ಬಿಸಿಲಿಗೆ ಇಟ್ಟ ಬಾಕ್ಸ್ ಸಂಜೆಯ ಪರೀಕ್ಷೆಯನ್ನು ತಣ್ಣಗಿನ ಸ್ಥಿತಿಯಿಂದ ಆರಂಭಿಸುವುದಿಲ್ಲ.

ಎತ್ತರ ಮತ್ತು ಉಷ್ಣತೆಯಿಂದ ಗಾಳಿ ತೆಳುವಾಗುವ ಪರಿಣಾಮವನ್ನೂ ಲೆಕ್ಕ ಹಾಕಿ ನೋಡಲಾಯಿತು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್, 35 ಡಿಗ್ರಿ ಎಂದು ಹಿಡಿದರೆ ನಷ್ಟ 1 ಡೆಸಿಬೆಲ್‌ನಷ್ಟು. ಆಯ್ಕೆಯನ್ನು ಬದಲಿಸುವಷ್ಟು ದೊಡ್ಡದಲ್ಲ; ಕೈಬಿಡಬಹುದು.

4. ಗಾಳಿಯನ್ನು ನೂಕುವ ಲೆಕ್ಕ

ಕೆಳಸ್ವರದಲ್ಲಿ ಬಾಕ್ಸ್‌ನ ನಿಜವಾದ ಮಿತಿ ಕೋನ್‌ನ ವಿಸ್ತೀರ್ಣ ಮತ್ತು ಅದು ಮುಂದೆ-ಹಿಂದೆ ಚಲಿಸಬಲ್ಲ ದೂರ, ಈ ಎರಡರ ಗುಣಲಬ್ಧ. ಟಿಪ್ಪಣಿಯ ಮುಖ್ಯ ವಾದ ಇದೇ ಆದ್ದರಿಂದ ಲೆಕ್ಕವನ್ನು ಬಿಡಿಸಿ ಕೊಡಲಾಗಿದೆ.

10 ಇಂಚಿನ ಸ್ಪೀಕರ್‌ನ ಕೋನ್‌ಗೆ ಸುಮಾರು 350 ಚದರ ಸೆಂಟಿಮೀಟರ್, 12 ಇಂಚಿನದಕ್ಕೆ 530, 15 ಇಂಚಿನದಕ್ಕೆ 855 ಎಂದು ಹಿಡಿಯೋಣ. ಕೋನ್ ತನ್ನ ನೆಲೆಯಿಂದ ಒಂದೊಂದು ಕಡೆಗೆ 5 ಮಿಲಿಮೀಟರ್ ಚಲಿಸಬಲ್ಲದು, ಬಾಕ್ಸ್ ಮುಚ್ಚಿದ್ದು, ನೆಲಕ್ಕೆ ಹೊಂದಿಕೊಂಡಿದೆ ಎಂದಿಟ್ಟುಕೊಂಡರೆ, 41.2 ಹರ್ಟ್ಜ್‌ನಲ್ಲಿ 1 ಮೀಟರ್ ದೂರಕ್ಕೆ ಬರುವ ಗರಿಷ್ಠ ಶಬ್ದಮಟ್ಟ 10 ಇಂಚಿನ ಒಂದು ಸ್ಪೀಕರ್‌ಗೆ 98 ಡೆಸಿಬೆಲ್. 10 ಇಂಚಿನ ಎರಡಕ್ಕೆ 104, 15 ಇಂಚಿನ ಒಂದಕ್ಕೆ ಸುಮಾರು 105.7, 12 ಇಂಚಿನ ಎರಡಕ್ಕೆ 107.6, 10 ಇಂಚಿನ ನಾಲ್ಕಕ್ಕೆ 110, ಎಂಟಕ್ಕೆ 116. ಆಂಪ್ಲಿಫೈಯರ್ 300 ವ್ಯಾಟ್‌ನದಾಗಲಿ 3,000 ವ್ಯಾಟ್‌ನದಾಗಲಿ, ಈ ಅಂಕಿಗಳು ಮೇಲೇರವು. ಅದರಾಚೆ ಕೋನ್ ಬಡಿಯುತ್ತದೆ, ಇಲ್ಲವೆ ಕಾಯಿಲ್ ಸುಡುತ್ತದೆ. ಪೋರ್ಟ್ ಇರುವ ಬಾಕ್ಸ್‌ನಲ್ಲಿ ಪೋರ್ಟ್‌ನ ಶ್ರುತಿಯ ಆಸುಪಾಸಿನಲ್ಲಿ ಕೋನ್‌ನ ಚಲನೆ ತಗ್ಗುವುದರಿಂದ ಅಲ್ಲಿ ಸ್ವಲ್ಪ ಹೆಚ್ಚು ಸಿಗುತ್ತದೆ. ಆದರೆ ಆ ಶ್ರುತಿಗಿಂತ ಕೆಳಗೆ ಕೋನ್‌ಗೆ ಹಿಡಿತವೇ ಇರುವುದಿಲ್ಲ.

ಈ ಸಾಲಿನಿಂದ ಎರಡು ಸಂಗತಿಗಳು ಹೊರಡುತ್ತವೆ. ‘10 ಇಂಚು ಚುರುಕು, 15 ಇಂಚು ಆಳ’ ಎಂಬ ಬಾಯಿಮಾತಿಗೆ ಲೆಕ್ಕದಲ್ಲಿ ಆಧಾರ ಸಿಗುವುದು ಅರ್ಧ ಮಾತ್ರ: 15 ಇಂಚಿನ ಒಂದು ಸ್ಪೀಕರ್ 10 ಇಂಚಿನ ಎರಡನ್ನು ಮೀರುತ್ತದೆ, ನಾಲ್ಕನ್ನು ಮೀರುವುದಿಲ್ಲ. ಇನ್ನು ಐದು ತಂತಿಯ ವಾದ್ಯದ ಬಿ ಸ್ವರಕ್ಕೆ ಇಳಿದರೆ ಇವೆಲ್ಲವೂ 5 ಡೆಸಿಬೆಲ್ ಕುಸಿಯುತ್ತವೆ. 10 ಇಂಚಿನ ನಾಲ್ಕರಿಂದ ಸಿಗುವುದು 105. ಐದನೇ ತಂತಿಗಾಗಿ ಹಣ ಕೊಟ್ಟವರು ಬಾಕ್ಸ್‌ಗೂ ಅದೇ ಪ್ರಮಾಣದಲ್ಲಿ ಕೊಡಬೇಕಾಗುತ್ತದೆ.

ಬಯಲಿನಲ್ಲಿ ದೂರ ದ್ವಿಗುಣವಾದಂತೆ 6 ಡೆಸಿಬೆಲ್ ಇಳಿಯುತ್ತದೆ. 110 ಡೆಸಿಬೆಲ್ 16 ಮೀಟರ್‌ನಲ್ಲಿ 86, 32 ಮೀಟರ್‌ನಲ್ಲಿ 80. ಅಂಕಿ ದೊಡ್ಡದಾಗಿ ಕಂಡರೂ ಕಿವಿಯ ಲೆಕ್ಕ ಬೇರೆ. ಐಎಸ್ಒ 226ರ 2003ರ ಪರಿಷ್ಕೃತ ರೇಖೆಗಳ ಪ್ರಕಾರ, 1,000 ಹರ್ಟ್ಜ್‌ನ 40 ಡೆಸಿಬೆಲ್‌ಗೆ ಸಮನಾಗಿ ಕೇಳಿಸಲು 40 ಹರ್ಟ್ಜ್‌ನ ಸ್ವರ 82.6 ಡೆಸಿಬೆಲ್ ಇರಬೇಕು. ಎಂದರೆ 10 ಇಂಚಿನ ನಾಲ್ಕು ಸ್ಪೀಕರ್‌ಗಳ ಬಾಕ್ಸ್ ತನ್ನ ಶಕ್ತಿಯನ್ನೆಲ್ಲ ಹಾಕಿದರೂ, 32 ಮೀಟರ್ ಆಚೆ ಕುಳಿತವರಿಗೆ ಕೆಳಗಿನ ಇ ಸ್ವರದ ಮೂಲ ಆವರ್ತನ ಮೆಲುಮಾತಿನಷ್ಟೂ ಕೇಳಿಸದು. ಜಾತ್ರೆಯ ಗದ್ದಲದಲ್ಲಿ ಅದು ಇಲ್ಲವೆಂದೇ ಹೇಳಬಹುದು. ವೇದಿಕೆಯ ಮೇಲಿನ ಬಾಕ್ಸ್‌ನಿಂದಲೇ ಬಯಲನ್ನು ತುಂಬಿಸುವ ಯೋಜನೆ ಈ ಗಾತ್ರದ ಉಪಕರಣಗಳಿಗೆ ಮೀರಿದ್ದು ಎಂದು ಇದರಿಂದ ತೋರುತ್ತದೆ.

5. ಮೂಲ ಆವರ್ತನದ ಪ್ರಶ್ನೆ

ಹಾಗಿದ್ದರೂ ಬೇಸ್ ಕೇಳಿಸುತ್ತದೆ. ಕಾರಣ ಹಾರ್ಮೋನಿಕ್‌ಗಳು. ಎಸ್‌ವಿಟಿಯ ವಂಶದ 810ಇ ಬಾಕ್ಸ್‌ಗೆ ತಯಾರಕರೇ ಪ್ರಕಟಿಸಿದ ಕೆಳಮಿತಿ 58 ಹರ್ಟ್ಜ್, ಅದೂ 3 ಡೆಸಿಬೆಲ್ ಇಳಿಕೆಯಲ್ಲಿ. 40 ಹರ್ಟ್ಜ್‌ನಲ್ಲಿ ಅದು 10 ಡೆಸಿಬೆಲ್ ಕೆಳಗಿದೆ. ಜಗತ್ತಿನ ದೊಡ್ಡ ವೇದಿಕೆಗಳಲ್ಲಿ ದಶಕಗಳ ಕಾಲ ಮಾನದಂಡವೆನಿಸಿದ ಬಾಕ್ಸ್‌ನ ಕುಲವೇ ಕೆಳಗಿನ ಇ ಸ್ವರದ ಮೂಲ ಆವರ್ತನವನ್ನು ಪೂರ್ಣವಾಗಿ ಕೊಡುವುದಿಲ್ಲ. 82.4 ಹರ್ಟ್ಜ್‌ನ ಎರಡನೇ ಹಾರ್ಮೋನಿಕ್, 123.6ರ ಮೂರನೆಯದು ಗಟ್ಟಿಯಾಗಿದ್ದರೆ ಕಿವಿ ಕೆಳಗಿನ ಸ್ವರವನ್ನು ತಾನೇ ಕಟ್ಟಿಕೊಳ್ಳುತ್ತದೆ. ಈ ವಿದ್ಯಮಾನವನ್ನು 1841ರಲ್ಲಿ ಝೀಬೆಕ್ ಗಮನಿಸಿದ, ಅದಕ್ಕೆ ಓಮ್ ತಕರಾರು ತೆಗೆದ. 1940ರಲ್ಲಿ ಸ್ಖೌಟನ್ ಅದನ್ನು ಮತ್ತೆ ಪ್ರಯೋಗಕ್ಕೆ ಒಳಪಡಿಸಿದ.

ಕೆಳಮಿತಿಯನ್ನು ಇಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಹಾಫ್‌ಮನ್ ನಿಯಮವೆಂದು ಹೆಸರಾದ ಸಂಬಂಧ ಉತ್ತರ ಕೊಡುತ್ತದೆ. ಬಾಕ್ಸ್ ಚಿಕ್ಕದಿರುವುದು, ಕೆಳಸ್ವರ ಆಳವಾಗಿರುವುದು, ದಕ್ಷತೆ ಹೆಚ್ಚಿರುವುದು, ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು. ದಕ್ಷತೆ ಬಾಕ್ಸ್‌ನ ಗಾತ್ರಕ್ಕೂ ಕೆಳಮಿತಿಯ ಘನಕ್ಕೂ ಅನುಪಾತದಲ್ಲಿದೆ. 58ರಿಂದ 41.2 ಹರ್ಟ್ಜ್‌ಗೆ ಇಳಿಯಬೇಕಾದರೆ ಅದೇ ಗಾತ್ರದಲ್ಲಿ 4.5 ಡೆಸಿಬೆಲ್ ಕಳೆದುಕೊಳ್ಳಬೇಕು, ಇಲ್ಲವೆ ಬಾಕ್ಸನ್ನು 2.8 ಪಟ್ಟು ದೊಡ್ಡದು ಮಾಡಬೇಕು. ಇದನ್ನು ವಿನ್ಯಾಸದ ಗಣಿತವಾಗಿ ಬೆಳೆಸಿದ ನೆವಿಲ್ ಥೀಲೆಯ ಲೇಖನಕ್ಕೆ ಕೆಲವರು 1961 ಎಂದೂ ಕೆಲವರು 1971 ಎಂದೂ ವರ್ಷ ಕೊಡುತ್ತಾರೆ. ಎರಡೂ ಸರಿ: ಮೊದಲನೆಯದು ಆಸ್ಟ್ರೇಲಿಯಾದ ಪ್ರಕಟಣೆ, ಎರಡನೆಯದು ಅಮೆರಿಕದ ಮರುಮುದ್ರಣ.

ಇದರಿಂದ ಸಿಗುವ ವ್ಯಾವಹಾರಿಕ ಸೂಚನೆ: ಆಂಪ್ಲಿಫೈಯರ್‌ನ ಬೇಸ್ ಗುಂಡಿಯನ್ನು 6 ಡೆಸಿಬೆಲ್ ತಿರುಗಿಸಿದರೆ ಕೆಳಸ್ವರಕ್ಕೆ ನಾಲ್ಕು ಪಟ್ಟು ವ್ಯಾಟ್ ಬೇಕು, ಕೋನ್‌ನ ಚಲನೆ ಎರಡು ಪಟ್ಟಾಗುತ್ತದೆ. ಬಯಲಿನಲ್ಲಿ ಧ್ವನಿ ತೆಳುವಾಗಿದೆ ಎನ್ನಿಸಿದಾಗ ಬೇಸ್ ಗುಂಡಿಗಿಂತ 80ರಿಂದ 250 ಹರ್ಟ್ಜ್‌ನ ನಡುವಿನ ಗುಂಡಿಯನ್ನು ಸ್ವಲ್ಪ ಏರಿಸುವುದು ಹೆಚ್ಚು ಫಲ ಕೊಡಬಹುದು. 35 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸುವ ಫಿಲ್ಟರ್ ಇರುವ ಆಂಪ್ಲಿಫೈಯರ್ ಆದರೆ ಕೋನ್ ಉಳಿಯುತ್ತದೆ.

6. ಓಮ್, ಮತ್ತು 100 ವೋಲ್ಟ್ ಲೈನ್

8 ಓಮ್‌ನ ಎರಡು ಬಾಕ್ಸ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ 4 ಓಮ್, ಮೂರನ್ನು ಜೋಡಿಸಿದರೆ 2.67 ಓಮ್. ಹೆಚ್ಚಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳ ಕನಿಷ್ಠ ಮಿತಿ 4. ‘500 ವ್ಯಾಟ್’ ಎಂಬುದು 4 ಓಮ್‌ಗೆ ಕೊಟ್ಟ ಅಂಕಿಯಾದರೆ 8 ಓಮ್‌ನ ಒಂದೇ ಬಾಕ್ಸ್‌ಗೆ ತತ್ತ್ವತಃ ಸಿಗುವುದು 250.

ಈ ಭಾಗದಲ್ಲಿ ಹೆಚ್ಚಿನ ಎಚ್ಚರ ಬೇಕಾದ ಸ್ಥಳ ಇನ್ನೊಂದಿದೆ. ದೆಹಲಿಯ ಅಹುಜಾ ಕಂಪನಿ 1940ರಿಂದ ಈ ಕ್ಷೇತ್ರದಲ್ಲಿದೆ. ಗುಡಿ, ಶಾಲೆ, ಪಂಚಾಯತಿಗಳಲ್ಲಿ ಕಾಣುವ ಆ ಬಗೆಯ ಪಿ.ಎ. ಆಂಪ್ಲಿಫೈಯರ್‌ನ ಬೆನ್ನಿನ ಪಟ್ಟಿಯಲ್ಲಿ ಸಾಲಾಗಿ ತಿರುಪುಗಳಿರುತ್ತವೆ: ಒಂದು ಕಾಮನ್, ಪಕ್ಕದಲ್ಲಿ 4, 8, 16 ಓಮ್, ಆಮೇಲೆ 70 ಮತ್ತು 100 ವೋಲ್ಟ್. 100 ವೋಲ್ಟ್‌ನದು ಊರಿನ ಉದ್ದಕ್ಕೆ ಎಳೆದ ತಂತಿಗೆ ಹತ್ತಾರು ಹಾರ್ನ್‌ಗಳನ್ನು, ಪ್ರತಿಯೊಂದಕ್ಕೂ ಒಂದು ಟ್ರಾನ್ಸ್‌ಫಾರ್ಮರ್ ಇಟ್ಟು ಜೋಡಿಸುವುದಕ್ಕೆ. 250 ವ್ಯಾಟ್‌ನ ಆಂಪ್ಲಿಫೈಯರ್ ಆ ತಿರುಪಿನಲ್ಲಿ ನಿರೀಕ್ಷಿಸುವ ಹೊರೆ 40 ಓಮ್. ಕತ್ತಲಲ್ಲಿ, ಅವಸರದಲ್ಲಿ, 4 ಓಮ್‌ನ ಬಾಕ್ಸ್ ಅಲ್ಲಿಗೆ ಸೇರಿದರೆ ಅದು ಕೇಳುವುದು 2,500 ವ್ಯಾಟ್. ಫ್ಯೂಸ್ ಹೋದರೆ ಪುಣ್ಯ. ಸರಿಯಾದ ತಿರುಪಿಗೇ ಜೋಡಿಸಿದರೂ ಮಾತಿಗೆಂದು ಮಾಡಿದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ 60–80 ಹರ್ಟ್ಜ್‌ನ ಕೆಳಗೆ ಬೇಗ ತುಂಬಿಕೊಂಡು ಧ್ವನಿ ಒಡೆಯುವ ಸಂಭವ ಹೆಚ್ಚು. ಇಂಥ ಆಂಪ್ಲಿಫೈಯರ್ ಮಾತಿಗೆ, ಭಜನೆಗೆ ಚೆನ್ನಾಗಿ ಒದಗುತ್ತದೆ. ಬೇಸ್ ಗಿಟಾರ್‌ಗೆ ಅದನ್ನು ಮಾಡಿಲ್ಲ.

7. ವಿದ್ಯುತ್ ಮತ್ತು ಅರ್ಥಿಂಗ್

ಜಿಲ್ಲೆಗೆ ವಿದ್ಯುತ್ ಕೊಡುವುದು ಹೆಸ್ಕಾಂ. 1956ರ ಭಾರತೀಯ ವಿದ್ಯುತ್ ನಿಯಮಗಳ 54ನೇ ನಿಯಮ ಮನೆಬಳಕೆಯ ವೋಲ್ಟೇಜಿಗೆ ಶೇ. 6ರ ಏರಿಳಿತವನ್ನಷ್ಟೇ ಒಪ್ಪಿತ್ತು. ಜಾತ್ರೆಯ ಬಯಲಿಗೆ ದೂರದಿಂದ ಎಳೆದ ತಂತಿಯಲ್ಲಿ ಇಳಿತ ಅದಕ್ಕಿಂತ ಹೆಚ್ಚಿರಬಹುದು. ಶೇ. 10 ಇಳಿದರೆ ಹಳೆಯ ಬಗೆಯ ಆಂಪ್ಲಿಫೈಯರ್ ಕಳೆದುಕೊಳ್ಳುವುದು 0.9 ಡೆಸಿಬೆಲ್, ಶೇ. 20 ಇಳಿದು 184 ವೋಲ್ಟ್ ಆದರೆ 1.9 ಡೆಸಿಬೆಲ್. ಕಿವಿಗೆ ಇದು ದೊಡ್ಡದಲ್ಲ. ತೊಂದರೆ ಕೊಡುವುದು, ಕಡಿಮೆ ವೋಲ್ಟೇಜಿನಲ್ಲಿ ತಾನೇ ಆರಿಹೋಗುವ ಉಪಕರಣ. ಆದ್ದರಿಂದ 100ರಿಂದ 240 ವೋಲ್ಟ್‌ವರೆಗೆ ಒಗ್ಗುವ ಸ್ವಿಚಿಂಗ್ ಪವರ್ ಸಪ್ಲೈ ಇರುವ ಕ್ಲಾಸ್ ಡಿ ಆಂಪ್ಲಿಫೈಯರ್ ಇಲ್ಲಿ ಹೆಚ್ಚು ಸೂಕ್ತ. ಎಲ್ಲ ಕ್ಲಾಸ್ ಡಿ ಮಾದರಿಗಳೂ ಹಾಗಿಲ್ಲ. ಬೆನ್ನಿನ ಚೀಟಿಯಲ್ಲಿ ‘230’ ಎಂದಷ್ಟೇ ಇದ್ದರೆ ಈ ಮಾತು ಅನ್ವಯಿಸದು.

ಹಮ್ಮಿಂಗ್ ವಿಷಯದಲ್ಲಿ ಬೇಸ್ ಗಿಟಾರ್‌ಗೆ ವಿಶೇಷ ತೊಡಕೊಂದಿದೆ. ಇ ತಂತಿಯ ಮೂರನೇ ಮೆಟ್ಟಿಲಿನ ಜಿ ಸ್ವರ 49.00 ಹರ್ಟ್ಜ್. ಗ್ರಿಡ್‌ನ ಆವರ್ತನ 49.90ರಿಂದ 50.05ರ ನಡುವೆ ಇರಬೇಕೆಂಬುದು ಕ್ರಮ. ಎರಡೂ ಒಟ್ಟಿಗೆ ಕೇಳಿಸಿದರೆ ಸೆಕೆಂಡಿಗೆ ಸುಮಾರು ಒಂದು ಬಾರಿ ಧ್ವನಿ ಉಬ್ಬಿ ತಗ್ಗುತ್ತದೆ. ಹಾಡು ಜಿ ಶ್ರುತಿಯಲ್ಲಿದ್ದರೆ ತಂತಿಯೇ ಶ್ರುತಿ ತಪ್ಪಿದೆ ಎಂಬ ಭ್ರಮೆ ಆಗುವುದು ಸಾಧ್ಯ. ಹೊರೆ ಕಡಿಮೆ ಇರುವ ಡೀಸೆಲ್ ಜನರೇಟರ್ 52 ಹರ್ಟ್ಜ್‌ವರೆಗೆ ಏರಬಲ್ಲದು, ಆಗ ಹಮ್ಮಿಂಗ್ 51.91ರ ಜಿ ಶಾರ್ಪ್ ಹತ್ತಿರ ಹೋಗಿ ಕೂರುತ್ತದೆ.

ಇದನ್ನು ತಡೆಯಲು ಪ್ಲಗ್‌ನ ಮೂರನೇ ಪಿನ್ ಮುರಿಯುವ, ಅರ್ಥ್ ತಂತಿ ಬಿಚ್ಚುವ ಅಭ್ಯಾಸ ಅಲ್ಲಲ್ಲಿ ಇದೆ. ಹಮ್ಮಿಂಗ್ ನಿಲ್ಲುತ್ತದೆ ಎಂಬುದು ನಿಜ, ಆದರೆ ವಾದಕನ ತಂತಿಗೂ ಗಾಯಕನ ಮೈಕಿಗೂ ನಡುವೆ ವಿದ್ಯುತ್ ಹರಿಯುವ ದಾರಿ ತೆರೆಯುತ್ತದೆ. 1972ರ ಮೇ 3ರಂದು ವೇಲ್ಸ್‌ನ ಸ್ವಾನ್‌ಸೀಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ವೇದಿಕೆಯ ಮೇಲೆಯೇ ಮೈಕಿನ ಮೂಲಕ ಆಘಾತಕ್ಕೊಳಗಾಗಿ ತೀರಿಕೊಂಡ. ಕಡಿಯಬೇಕಾದದ್ದು, ವಾದ್ಯದ ಸಿಗ್ನಲನ್ನು ನೇರ ಮಿಕ್ಸರಿಗೆ ಕಳಿಸುವ ಡಿ.ಐ. (ಡೈರೆಕ್ಟ್ ಇಂಜೆಕ್ಷನ್) ಬಾಕ್ಸ್‌ನಲ್ಲಿರುವ ಸಿಗ್ನಲ್ ತಂತಿಯ ಗ್ರೌಂಡ್, ಅದರ ಮೇಲಿನ ಗ್ರೌಂಡ್ ಗುಂಡಿ ಇರುವುದೇ ಅದಕ್ಕೆ. ಮಿಕ್ಸರ್ ಮತ್ತು ಬೇಸ್ ಆಂಪ್ಲಿಫೈಯರ್ ಒಂದೇ ಫೇಸ್, ಒಂದೇ ಅರ್ಥಿಂಗ್‌ನಿಂದ ವಿದ್ಯುತ್ ಪಡೆದರೆ ಆ ಗುಂಡಿಯೂ ಬೇಕಾಗದಿರಬಹುದು.

8. ಮಂಗಲ ಕಾರ್ಯಾಲಯ

ಮುಚ್ಚಿದ ಸಭಾಂಗಣದಲ್ಲಿ ಮೇಲಿನ ಲೆಕ್ಕಗಳು ತಲೆಕೆಳಗಾಗುತ್ತವೆ. 14 ಅಡಿ, ಅಂದರೆ 4.27 ಮೀಟರ್ ಎತ್ತರದ ಸ್ಲ್ಯಾಬ್ ಇರುವ ಸಭಾಂಗಣದಲ್ಲಿ ನೆಲ ಮತ್ತು ಸ್ಲ್ಯಾಬಿನ ನಡುವಿನ ಮೊದಲ ಅನುರಣನ, 35 ಡಿಗ್ರಿ ಉಷ್ಣತೆಯಲ್ಲಿ, 41.2 ಹರ್ಟ್ಜ್‌ಗೆ ಬರುತ್ತದೆ: ಬಿಟ್ಟ ಇ ತಂತಿಯದೇ ಆವರ್ತನ. ಉಳಿದ ಸ್ವರಗಳೆಲ್ಲ ಸಮವಾಗಿದ್ದು ಆ ಒಂದು ಸ್ವರ ಮಾತ್ರ ಗುಡುಗಿದರೆ ಬಾಕ್ಸನ್ನು ದೂರಬೇಕಿಲ್ಲ. ಬಾಕ್ಸನ್ನು ನೆಲದಿಂದ ಎತ್ತಿ ಕುರ್ಚಿಯ ಮೇಲಿಟ್ಟರೆ ಸ್ವಲ್ಪ ಮಟ್ಟಿಗೆ ತಗ್ಗೀತು. ಆ ಆವರ್ತನವನ್ನು ಈಕ್ವಲೈಜರ್‌ನಲ್ಲಿ ಇಳಿಸುವುದು ಹೆಚ್ಚು ಖಚಿತ ಮಾರ್ಗ.

9. ಆಯ್ಕೆ

ಮೇಲಿನ ಅಂಕಿಗಳಿಂದ ಹೊರಡುವ ಆಯ್ಕೆಯನ್ನು ತಾತ್ಕಾಲಿಕವೆಂದೇ ಪರಿಗಣಿಸಬೇಕು. ಬಯಲಿನ ಕೇಳುಗರಿಗೆ ಬೇಸ್ ಮುಟ್ಟಬೇಕಾದ್ದು ಸೌಂಡ್‌ನವರ ದೊಡ್ಡ ಬೇಸ್ ಬಾಕ್ಸ್‌ಗಳಿಂದ, ಡಿ.ಐ. ಮೂಲಕ. ವಾದಕನ ಬಾಕ್ಸ್‌ನ ಕೆಲಸ ವೇದಿಕೆಯ ಮೇಲಿನವರಿಗೆ, ಮುಖ್ಯವಾಗಿ ವಾದಕನಿಗೂ ರಿದಮ್ ಪ್ಯಾಡ್ ನುಡಿಸುವವನಿಗೂ, ಸ್ವರ ಮತ್ತು ಲಯ ಸ್ಪಷ್ಟವಾಗಿ ಕೇಳಿಸುವುದು. 3–4 ಮೀಟರ್ ದೂರಕ್ಕೆ 10 ಇಂಚಿನ ಎರಡು ಸ್ಪೀಕರ್‌ಗಳ, ಅಥವಾ 12 ಇಂಚಿನ ಎರಡು ಸ್ಪೀಕರ್‌ಗಳ ಬಾಕ್ಸ್ ಸಾಕಾಗುತ್ತದೆ ಎಂದು ತೋರುತ್ತದೆ. ಐದು ತಂತಿಯವರಿಗೆ ಎರಡನೆಯದೇ ಮೇಲು. ಸೆನ್ಸಿಟಿವಿಟಿ 97ಕ್ಕಿಂತ ಕಡಿಮೆ ಇದ್ದರೆ, ಅಥವಾ ಆ ಅಂಕಿಯನ್ನು ಚೀಟಿಯಲ್ಲಿ ಕೊಟ್ಟೇ ಇಲ್ಲದಿದ್ದರೆ, ಬೇರೆ ಬಾಕ್ಸ್ ನೋಡುವುದು ಒಳ್ಳೆಯದು. ಆಂಪ್ಲಿಫೈಯರ್ 4 ಓಮ್‌ಗೆ 300ರಿಂದ 500 ವ್ಯಾಟ್ ಇದ್ದರೆ ಮೇಲಿನ ಲೆಕ್ಕಕ್ಕೆ ಧಾರಾಳ. ಡಿ.ಐ. ಔಟ್‌ಪುಟ್ ಮತ್ತು ಗ್ರೌಂಡ್ ಗುಂಡಿ ಮಾತ್ರ ಇರಲೇಬೇಕು.

ಬಾಕ್ಸ್‌ನ ಅಂಕಿಗಳಷ್ಟೇ ತೂಕವೂ ನಿರ್ಣಾಯಕ. 810ಇ ಬಾಕ್ಸ್ 63.5 ಕಿಲೋ, ಅದಕ್ಕೆ ಟೆಂಪೊ ಬೇಕು, ಎತ್ತಲು ಇಬ್ಬರು ಬೇಕು. ಕ್ಲಾಸ್ ಡಿ ಆಂಪ್ಲಿಫೈಯರ್ 2ರಿಂದ 4 ಕಿಲೋ, ಬ್ಯಾಗಿನಲ್ಲಿ ಹಿಡಿಯುತ್ತದೆ. ನಿಯೋಡೀಮಿಯಂ ಅಯಸ್ಕಾಂತದ ಹಗುರ ಬಾಕ್ಸ್ ಒಂದನ್ನು ವಿಜಯಪುರದಿಂದ ಸಿಂದಗಿಗೋ ಮುದ್ದೇಬಿಹಾಳಕ್ಕೋ ಬಸ್ಸಿನಲ್ಲಿ ಲಗೇಜ್ ಚೀಟಿ ಮಾಡಿಸಿ ಒಯ್ಯಬಹುದು. ಚಿಕ್ಕ ತಂಡಗಳ ವಾದಕರಿಗೆ ಈ ಒಂದು ಅಂಶ ಉಳಿದ ಎಲ್ಲ ಅಂಕಿಗಳನ್ನು ಮೀರಬಹುದು, ಮೀರುವುದು ನ್ಯಾಯವೂ ಹೌದು.

10. ನಿಯಮ ಮತ್ತು ಮೀಟರ್

2000ದ ಫೆಬ್ರವರಿ 14ರಂದು ಅಧಿಸೂಚಿತವಾದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಇಟ್ಟಿವೆ. ರಾತ್ರಿ ಎಂದರೆ 10ರಿಂದ ಬೆಳಗಿನ 6. ಧ್ವನಿವರ್ಧಕ ಬಳಸುವ ಸಾರ್ವಜನಿಕ ಸ್ಥಳದ ಗಡಿಯಲ್ಲಿ ಶಬ್ದ ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಇವುಗಳಲ್ಲಿ ಕಡಿಮೆ ಯಾವುದೋ ಅದನ್ನು ಮೀರಬಾರದು. 2002ರ ಅಕ್ಟೋಬರ್‌ನ ತಿದ್ದುಪಡಿ ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ವರ್ಷದಲ್ಲಿ 15 ದಿನಕ್ಕೆ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರವನ್ನು ರಾಜ್ಯಕ್ಕೆ ನೀಡಿತು. ಬೆಳಗಿನವರೆಗೆ ನಡೆಯುವ ಜಾತ್ರೆಯ ನಾಟಕಗಳ ರೂಢಿಗೂ ಈ ಅಕ್ಷರಗಳಿಗೂ ನಡುವಿನ ಅಂತರ ಸ್ಪಷ್ಟ.

ಈ ಟಿಪ್ಪಣಿಗೆ ಸಂಬಂಧಿಸಿದ ಅಂತರ ಇನ್ನೊಂದು. ಈ ಮಿತಿಗಳೆಲ್ಲ ‘ಎ’ ತೂಕದ ಡೆಸಿಬೆಲ್‌ನಲ್ಲಿವೆ. ಆ ತೂಕವನ್ನು ರೂಪಿಸಿದ್ದು ಫ್ಲೆಚರ್ ಮತ್ತು ಮನ್ಸನ್‌ರ 1933ರ ರೇಖೆಗಳಲ್ಲಿ ಮೆಲುದನಿಗೆ ಸೇರಿದ 40 ಫೋನ್ ರೇಖೆಯನ್ನು ಅನುಸರಿಸಿ. 40 ಹರ್ಟ್ಜ್‌ನಲ್ಲಿ ಅದು 34.6 ಡೆಸಿಬೆಲ್ ಕಳೆಯುತ್ತದೆ. 32 ಮೀಟರ್ ದೂರದಲ್ಲಿ 80 ಡೆಸಿಬೆಲ್ ಇರುವ ಕೆಳಗಿನ ಇ ಸ್ವರ ಮೀಟರಿನಲ್ಲಿ 45.4 ಎಂದು ಕಾಣುತ್ತದೆ. ಅಷ್ಟೇ ಮಟ್ಟದ 1,000 ಹರ್ಟ್ಜ್‌ನ ಸ್ವರ 80 ಎಂದೇ ಕಾಣುತ್ತದೆ. ಅದೇ ಮೀಟರನ್ನು ‘ಸಿ’ ತೂಕಕ್ಕೆ ತಿರುಗಿಸಿದರೆ 40 ಹರ್ಟ್ಜ್‌ನಲ್ಲಿ ಕಳೆಯುವುದು 2 ಡೆಸಿಬೆಲ್ ಮಾತ್ರ. 8 ಮೀಟರ್‌ಗೂ ಮೀರಿದ ತರಂಗಾಂತರದ ಧ್ವನಿಗೆ ಬಾಕ್ಸ್‌ನ ಮುಂಬದಿ, ಹಿಂಬದಿ ಎಂಬ ಭೇದ ಇಲ್ಲದ್ದರಿಂದ ಅದು ವೇದಿಕೆಯ ಹಿಂದಿನ ಓಣಿಗೂ ಅಷ್ಟೇ ಬಲದಲ್ಲಿ ಹೋಗುತ್ತದೆ, ಅಲ್ಲಿಯ ಕಿಟಕಿ, ತಗಡುಗಳನ್ನು ನಡುಗಿಸಬಲ್ಲದು. ನಿಯಮ ಕೇಳುವುದು ‘ಎ’ ಅಂಕಿಯನ್ನಷ್ಟೆ. ಜಾತ್ರಾ ಕಮಿಟಿಯವರು ಅಳತೆಯ ಹೊತ್ತಿಗೆ ‘ಸಿ’ ಅಂಕಿಯನ್ನೂ ಪಕ್ಕದಲ್ಲಿ ಬರೆದಿಟ್ಟರೆ, ಮೀಟರು ಸರಿಯಿದೆ ಎಂದರೂ ಹಿಂದಿನ ಓಣಿಯವರು ಏಕೆ ದೂರುತ್ತಾರೆ ಎಂಬುದಕ್ಕೆ ಕಾರಣ ಆ ಎರಡು ಅಂಕಿಗಳ ವ್ಯತ್ಯಾಸದಲ್ಲೇ ಸಿಗುತ್ತದೆ.